ಪಿಸುದನಿಗೊಂದು ಸನ್ಮಾನ

ದೊಡ್ಡಕ್ಕನಿಗೆ ಸನ್ಮಾನ ಮಾಡಬೇಕೆಂದು ಆಸ್ಪತ್ರೆಯವರು ತೀರ್ಮಾನಿಸಿದಾಗ ಒಂದು ಸಂಗತಿ ಯಾರ ತಲೆಗೂ ಹೊಳೆಯಲಿಲ್ಲ. ಸನ್ಮಾನ ಅಂದಮೇಲೆ ಆಕೆಯೂ ನಾಲ್ಕು ಮಾತಾಡಬೇಕು, ಆದರೆ ದೊಡ್ಡಕ್ಕನಿಗೆ ದನಿಯೇ ಇರಲಿಲ್ಲ.

ಹುಟ್ಟಿನಿಂದ ಬಂದ ಕೊರತೆಯಲ್ಲ ಅದು. ನರ್ಸ್ ಕೆಲಸಕ್ಕೆ ಸೇರಿದ ದಿನದಿಂದ ಆಕೆಯ ಆಯಸ್ಸೆಲ್ಲ ನವಜಾತ ಶಿಶುಗಳ ವಾರ್ಡಿನಲ್ಲೇ ಕಳೆದಿತ್ತು. ತಿಂಗಳು ತುಂಬುವ ಮೊದಲೇ ಅವಸರಪಟ್ಟು ಬಂದ, ಅಂಗೈಯಲ್ಲಿ ಹಿಡಿಸುವಂಥ ಕೂಸುಗಳು. ಅಲ್ಲಿ ಚಮಚ ಬಿದ್ದರೂ ಬೆಚ್ಚಿ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಹಾಗಾಗಿ ಪಿಸುಗುಟ್ಟಿ ಪಿಸುಗುಟ್ಟಿ ದೊಡ್ಡಕ್ಕನ ದನಿ ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯಂತಾಗಿತ್ತು. ಮನೆಯಲ್ಲಿ ಆಕೆ ಬಾಯಿ ತೆರೆದಳೆಂದರೆ ಗಂಡ ಮೊದಲು ಫ್ಯಾನ್ ಆರಿಸುತ್ತಿದ್ದ.

ಆದರೂ ಆಕೆ ಭಾಷಣ ಬೇಡ ಅನ್ನಲಿಲ್ಲ. ಅದಕ್ಕೆ ಕಾರಣ ಜನರೇಟರ್. ವಾರ್ಡಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಆ ಯಂತ್ರ ಕರೆಂಟು ಹೋದಾಗೆಲ್ಲ ಮುದುಕ ಪೈಲ್ವಾನನ ಹಾಗೆ ಕೆಮ್ಮಿ, ಗುಡುಗಿ, ಗೋಡೆಯನ್ನು ನಡುಗಿಸುತ್ತಿತ್ತು. ತೊಟ್ಟಿಲಲ್ಲಿದ್ದವೆಲ್ಲ ಕೈಕಾಲು ಎತ್ತಿ ಬೆಚ್ಚುತ್ತಿದ್ದವು. ಅದನ್ನು ಹಿತ್ತಲಿನ ಮೂಲೆಗೆ ಸಾಗಿಸಿ ಎಂದು ಆಕೆ ಬಂದುಹೋದ ಸೂಪರಿಂಟೆಂಡೆಂಟರಿಗೆಲ್ಲ ಹೇಳಿದ್ದಳು. ಎಲ್ಲರೂ ಹೂಂ ಅಂದಿದ್ದರು, ಯಾರಿಗೂ ಕೇಳಿಸಿರಲಿಲ್ಲ. ಇವತ್ತು ಮುಖ್ಯ ಅತಿಥಿಯಾಗಿ ಬರುವವರು ಆರೋಗ್ಯ ಇಲಾಖೆಯ ದೊಡ್ಡ ಸಾಹೇಬರು. ಅವರು ಬಾಯಿ ಮಾತಲ್ಲಿ ಹೇಳಿದರೂ ಜನರೇಟರ್ ಎದ್ದು ನಡೆಯುತ್ತದೆ. ಈ ತಿಂಗಳು ಕಳೆದರೆ ಆಕೆಗೆ ನಿವೃತ್ತಿ. ಆಮೇಲೆ ಮೈಕು ಕೊಡುವವರು ಯಾರು?

ಬೆಳಿಗ್ಗೆಯಿಂದಲೇ ಆಸ್ಪತ್ರೆಯೆಲ್ಲ ಸೇರಿ ಆ ದನಿಯನ್ನು ಎಬ್ಬಿಸಲು ನಿಂತಿತು. ಸ್ಟೋರ್‌ಕೀಪರ್ ಮುಕ್ಕಳಿಸಲೆಂದು ಉಪ್ಪು ಹಾಕಿದ ಬಿಸಿನೀರು ತಂದ. ನಾಲಿಗೆ ಸುಟ್ಟಿತೇ ಹೊರತು ದನಿ ಏಳಲಿಲ್ಲ. ಆಂಬುಲೆನ್ಸ್ ಡ್ರೈವರ್ ಆಕೆಯನ್ನು ಅಂಗಳಕ್ಕೆ ಕರೆದೊಯ್ದು, ತಾನು ಗೇಟಿನ ಹತ್ತಿರ ನಿಲ್ಲುತ್ತೇನೆ, ನೀವು ಇಲ್ಲಿಂದ ಕೂಗಿ, ಕೇಳಿಸಿದರೆ ಕೈ ಎತ್ತುತ್ತೇನೆ ಅಂದ. ದೊಡ್ಡಕ್ಕ ಕತ್ತಿನ ನರ ಉಬ್ಬುವಂತೆ ಕೂಗಿದಳು. ಡ್ರೈವರ್ ಕೈಕಟ್ಟಿಕೊಂಡು ಆಕಾಶ ನೋಡುತ್ತ ನಿಂತೇ ಇದ್ದ. ಕಾಂಪೌಂಡಿನ ಮೇಲಿದ್ದ ಬೆಕ್ಕು ಮಾತ್ರ ಆಕಳಿಸಿ ಮುದುರಿಕೊಂಡಿತು. ಕೊನೆಗೆ ಅವನೇ ಹತ್ತಿರ ಬಂದ.

"ಯಾಕಕ್ಕಾ, ಕೂಗಲ್ವಾ?"

"ಆಗಿಂದ ಕೂಗ್ತಾನೇ ಇದ್ದೀನಲ್ಲಪ್ಪ."

"ಏನಂದ್ರಿ?"

ಕಿರಿಯ ನರ್ಸು ಬೇರೆಯೇ ಉಪಾಯ ಹೇಳಿದಳು. "ಕೋಪ ಬರಿಸ್ಕೊಳ್ಳಿ ಅಕ್ಕ, ದನಿ ತಾನಾಗೇ ಬರುತ್ತೆ. ಭಾವನ್ನ ನೆನೆಸ್ಕೊಳ್ಳಿ."

"ಅವರ ಮೇಲೆ ಕೋಪ ಬಂದ್ರೆ ನಾನು ಇನ್ನೂ ಮೆಲ್ಲಗೆ ಮಾತಾಡ್ತೀನಿ ಕಣೇ. ಅದಕ್ಕೇ ಅವರು ಹೆದರೋದು."

ವಾರ್ಡು ಬಿಟ್ಟು ದೂರ ಬರುವುದಿಲ್ಲವೆಂದು ದೊಡ್ಡಕ್ಕ ಹಟ ಹಿಡಿದಿದ್ದರಿಂದ ಸಮಾರಂಭ ಪಕ್ಕದ ಮೀಟಿಂಗ್ ಕೋಣೆಯಲ್ಲೇ ನಡೆಯಿತು. ಸೂಪರಿಂಟೆಂಡೆಂಟರು ಆಕೆಯ ಮೌನಸೇವೆಯ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದರು. ಸಾಹೇಬರು ಹೂಗುಚ್ಛ ಕೊಟ್ಟರು, ಫಲಕ ಕೊಟ್ಟರು. ಆಮೇಲೆ ಆಕೆ ಮೈಕಿನ ಮುಂದೆ ನಿಂತಳು. ಡ್ರೈವರ್ ಯಾವುದಕ್ಕೂ ಇರಲಿ ಎಂದು ಅದರ ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ.

ಮೈಕು ಆ ಪಿಸುಮಾತನ್ನು ಜೋರು ಮಾಡಲಿಲ್ಲ. ಅದನ್ನು ಜೋಪಾನವಾಗಿ ಒಯ್ದು ಒಬ್ಬೊಬ್ಬರ ಕಿವಿಯ ಬುಡದಲ್ಲಿ ಇಟ್ಟಿತು. ಮೊಟ್ಟಮೊದಲು ಎತ್ತಿಕೊಂಡ ಕೂಸಿನ ತೂಕ, ಅದಕ್ಕೆ ಹನಿಹನಿಯಾಗಿ ಹಾಲು ಕುಡಿಸಿದ್ದು, ಎದೆಗವಚಿಕೊಂಡು ಬೆಚ್ಚಗಿಟ್ಟದ್ದು, ಎಲ್ಲ ಹೇಳುತ್ತಿದ್ದಂತೆ ಆಕೆಯ ಬಲಗೈ ತಾನಾಗಿಯೇ ಮೇಜನ್ನು ಮೆತ್ತಗೆ ತಟ್ಟತೊಡಗಿತು. ತಪ್, ತಪ್, ತಪ್. ಸ್ಟೋರ್‌ಕೀಪರ್ ಡ್ರೈವರನ ಹೆಗಲಿಗೆ ತಲೆಯಿಟ್ಟ. ಡ್ರೈವರ್ ಆ ತಲೆಯ ಮೇಲೆ ತನ್ನ ತಲೆಯಿಟ್ಟ. ಜನರೇಟರಿನ ಮಾತು ಬರುವಷ್ಟರಲ್ಲಿ ಸೂಪರಿಂಟೆಂಡೆಂಟರ ಗದ್ದ ಎದೆಗೆ ತಾಗಿತ್ತು. ದೊಡ್ಡ ಸಾಹೇಬರು ಬಾಯಿ ತೆರೆದು, ಮುಷ್ಟಿ ಬಿಗಿದು, ಹಾಲು ಕುಡಿದ ಕೂಸಿನ ಹಾಗೆ ನಿದ್ದೆ ಹೋಗಿದ್ದರು.

ದೊಡ್ಡಕ್ಕ ನೋಡಿದಳು. ಎಬ್ಬಿಸಬೇಕಿತ್ತು. ಆದರೆ ನಿದ್ದೆಹೋದವರನ್ನು ಎಬ್ಬಿಸುವುದು ಆಕೆಯ ಜಾಯಮಾನದಲ್ಲೇ ಇರಲಿಲ್ಲ. ದನಿಯನ್ನು ಇನ್ನಷ್ಟು ತಗ್ಗಿಸಿ, ಜನರೇಟರ್ ಯಾಕೆ ಅಲ್ಲಿಂದ ಹೋಗಬೇಕೆಂಬುದನ್ನು ಪೂರ್ತಿ ವಿವರಿಸಿ ಮುಗಿಸಿದಳು.

ತಟ್ಟುವ ಕೈ ನಿಂತದ್ದೇ ತಡ, ಎಲ್ಲರೂ ಬೆಚ್ಚಿ ಎದ್ದರು. ಒಬ್ಬರನ್ನೊಬ್ಬರು ನೋಡಿಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು.

ಸಾಹೇಬರ ಮುಖ ಆಗ ತಾನೇ ತೊಳೆದಿಟ್ಟ ಹಣ್ಣಿನಂತಾಗಿತ್ತು. ಸೂಪರಿಂಟೆಂಡೆಂಟರ ಕಿವಿಗೆ ಬಗ್ಗಿದರು. "ಏನೋ ಕೇಳಿದ್ರಲ್ಲ ಇವರು, ಏನದು?"

ಸೂಪರಿಂಟೆಂಡೆಂಟರು ಅವರಿಗಿಂತ ಆಮೇಲೆ ಎದ್ದವರು. ಆದರೂ ಬಿಟ್ಟುಕೊಡಲಿಲ್ಲ. "ಜನರೇಟರ್ ಸಾರ್. ಯಾವಾಗ್ಲೂ ಅದನ್ನೇ ಕೇಳೋದು."

ಸಾಹೇಬರು ಮೈಕು ಹಿಡಿದರು. ಇಂಥ ಮನ ಮುಟ್ಟುವ ಭಾಷಣವನ್ನು ತಾವು ಈಚೆಗೆ ಕೇಳಿಯೇ ಇಲ್ಲ, ಈ ತಾಯಿ ತನಗಾಗಿ ಏನನ್ನೂ ಕೇಳಲಿಲ್ಲ ಎಂದರು. "ಈಗಿರೋದರ ಎರಡರಷ್ಟು ದೊಡ್ಡ ಜನರೇಟರ್ ಮಂಜೂರು ಮಾಡಿದ್ದೀನಿ. ಅದೇ ಜಾಗದಲ್ಲಿ, ಇವರದೇ ಹೆಸರಲ್ಲಿ."

"ಬೇಡ!"

ಮೈಕಿನ ಪಕ್ಕದಲ್ಲೇ ನಿಂತಿದ್ದ ದೊಡ್ಡಕ್ಕನಲ್ಲಿ ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ದನಿ. ಕೊನೆಯವರೆಗೆ ತಿರುಗಿಸಿದ್ದ ಮೈಕು ಈ ಸಲ ಏನನ್ನೂ ಉಳಿಸಿಕೊಳ್ಳಲಿಲ್ಲ. ಕಿಟಕಿಯ ಗಾಜು ಗಡಗಡಿಸಿತು, ಡ್ರೈವರ್ ಎದ್ದು ಸೆಟೆದು ನಿಂತ. ಗೋಡೆಯಾಚೆ ಒಂದು ಕೂಸು ಕಿರ್ರೆಂದಿತು. ಅದರ ಹಿಂದೆ ಇನ್ನೊಂದು. ಜನರೇಟರಿನ ಕೈಯಲ್ಲೂ ಯಾವತ್ತೂ ಆಗದಿದ್ದದ್ದು ಆಗಿ, ಇಡೀ ವಾರ್ಡು ಒಂದೇ ಸಮನೆ ಅಳತೊಡಗಿತು.

ಸಂಕೋಚದ ಜೀವ ಅಂದರೆ ಇದು ಎಂದು ಸಾಹೇಬರು ಮತ್ತೆ ಚಪ್ಪಾಳೆ ಶುರುಮಾಡಿದರು. ದೊಡ್ಡಕ್ಕ ಫಲಕವನ್ನು ಅಲ್ಲೇ ಬಿಟ್ಟು ಓಡಿದಳು. ವಾರ್ಡಿನ ಬಾಗಿಲಲ್ಲಿ ಸೂಪರಿಂಟೆಂಡೆಂಟರು ಅಡ್ಡ ಬಂದು, ತುಟಿಯ ಮೇಲೆ ಬೆರಳಿಟ್ಟು, ಪಿಸುಗುಟ್ಟಿದರು:

"ಏನ್ ಸಿಸ್ಟರ್ ಇದು, ಇಷ್ಟು ಸರ್ವೀಸ್ ಆಗಿದೆ ನಿಮಗೆ. ಮಕ್ಕಳ ಹತ್ರ ಮೆಲ್ಲಗೆ ಮಾತಾಡಬೇಕು ಅಂತ ನಾನು ಹೇಳಿಕೊಡಬೇಕಾ?"