ಮೂಳೆ ಬೆಳೆಸುವ ಜೆಲ್ಲಿ

ಉಚ್ಚಂಗಪ್ಪ ಮೇಷ್ಟ್ರ ತಲೆ ಕೆಡಿಸಿದ್ದು ಪೇಪರಿನಲ್ಲಿ ಬಂದ ಅಂಗೈಯಗಲದ ಸುದ್ದಿ. ಹೊರದೇಶದಲ್ಲಿ ಯಾರೋ ಮಜ್ಜೆಯ ಎಳೆ ಜೀವಕೋಶಗಳನ್ನು ನೀರಾದ ಜೆಲ್ಲಿಯಲ್ಲಿ ಬೆರೆಸಿ ಮೊಲದ ಮುರಿದ ಮೂಳೆಗೆ ಚುಚ್ಚಿದರಂತೆ. ಅದು ಒಳಗೇ ಗಟ್ಟಿಯಾಗಿ ಹೊಸ ಮೂಳೆ ಬೆಳೆಯಲು ಆಸರೆಯಾಯಿತಂತೆ. ಮೇಷ್ಟ್ರಿಗೆ ಅರ್ಧ ಅರ್ಥವಾಗಿತ್ತು. ಉಳಿದರ್ಧ ಶಾಲೆಯ ವಿಜ್ಞಾನ ಪ್ರದರ್ಶನದ ಹೊತ್ತಿಗೆ ಆಗುತ್ತದೆಂದು ನಂಬಿದ್ದರು.

ನಂಬದೆ ಗತಿಯಿರಲಿಲ್ಲ. ಹೆಂಡತಿ ಕರುಣಾ ಶಿಕಾರಿಪುರದ ಶಾಲೆಯಲ್ಲಿ ಟೀಚರ್, ಇವರು ಸೊರಬದಲ್ಲಿ; ಸಂಸಾರವೆಲ್ಲ ಬಸ್ಸಿನಲ್ಲಿ. ಪ್ರದರ್ಶನ ನೋಡಲು ಬರುವ ಶಿಕ್ಷಣಾಧಿಕಾರಿ ಸದಾಶಿವಪ್ಪ ಸಾಹೇಬರು ಮೆಚ್ಚಿದರೆ ಶಿಕಾರಿಪುರಕ್ಕೆ ವರ್ಗ ಗ್ಯಾರಂಟಿ ಎಂದು ಡ್ರಿಲ್ ಮೇಷ್ಟ್ರು ಗುಡ್ಡಪ್ಪ ಹುರಿದುಂಬಿಸಿದ್ದರು.

ಬೆಳಿಗ್ಗೆಯೇ ಜೆಲ್ಲಿಗೆಂದು ಚೈನಾ ಗ್ರಾಸ್ ಕುದಿಸಿ, ದನದ ಡಾಕ್ಟರಿಂದ ತಂದ ಹೊಸ ಸಿರಿಂಜಿಗೆ ತುಂಬಿದರು. ಬಿಳಿ ಬಣ್ಣ ಬಳಿದ ಪಪ್ಪಾಯಿ ದಂಟು ಮುರಿದ ಮೂಳೆಯಾಯಿತು. ಆದರೆ ಸಾಹೇಬರ ಜೀಪು ತಡವಾಗಿ, ಮೂಳೆಯೊಳಗೆ ಗಟ್ಟಿಯಾಗಬೇಕಿದ್ದ ಜೆಲ್ಲಿ ಸಿರಿಂಜಿನಲ್ಲೇ ಗಟ್ಟಿಯಾಯಿತು.

"ಜೋರಾಗಿ ಒತ್ತಿ ಮಾರಾಯ್ರೆ!" ಎಂದು ಗುಡ್ಡಪ್ಪ ತಾವೂ ಕೈ ಹಾಕಿ ಒತ್ತಿದರು. ಪಿಚಕ್ಕನೆ ಹಾರಿದ ಜೆಲ್ಲಿ ಹೆಡ್‌ಮಾಸ್ಟರ ಕನ್ನಡಕಕ್ಕೆ ಅಂಟಿತು.

"ಬಿಸಿ ಮಾಡಿದ್ರೆ ಕರಗುತ್ತೆ, ಕೊಡಿ ಇಲ್ಲಿ," ಎಂದು ಹೊಲಿಗೆ ಟೀಚರ್ ರಾಧಮ್ಮ ಪಾತ್ರೆಯಲ್ಲಿ ಉಳಿದಿದ್ದನ್ನು ಒಯ್ದರು. ಮರಳಿ ಬಂದಾಗ ಏಲಕ್ಕಿ ಘಮಘಮ.

"ಇದೇನ್ರೀ ಹಾಕಿದ್ರಿ?" ಎಂದರು ಉಚ್ಚಂಗಪ್ಪ.

"ಸಪ್ಪೆ ಇತ್ತು. ಸ್ವಲ್ಪ ಹಾಲು, ಸಕ್ಕರೆ, ಏಲಕ್ಕಿ."

"ಅಯ್ಯೋ, ಅದು ತಿನ್ನೋದಲ್ಲ!"

"ತಿನ್ನೋದಲ್ದೆ ಮತ್ತೆ?"

ಅದು ಬಟ್ಟಲಲ್ಲಿ ತಣಿದು ಮತ್ತೆ ಗಟ್ಟಿಯಾಗುವುದಕ್ಕೂ ಸಾಹೇಬರು ಮಂಡಿ ಹಿಡಿದು ಕುಂಟುತ್ತ ಬರುವುದಕ್ಕೂ ಸರಿಹೋಯಿತು. ಮೇಷ್ಟ್ರು ವಿವರಿಸತೊಡಗಿದರು. ಜೀವಕೋಶ ಯಾವುದು, ಜೆಲ್ಲಿ ಯಾವುದು ಎಂಬುದು ಅವರಿಗೇ ಕಲಸುಮೇಲೋಗರವಾಯಿತು. ಸಾಹೇಬರಿಗೆ ತಿಳಿದದ್ದು ಒಂದೇ, ಇದು ಮೂಳೆ ಬೆಳೆಸುತ್ತದೆ. ಬೇಡ ಬೇಡವೆನ್ನುವಷ್ಟರಲ್ಲಿ ಎರಡು ಬಟ್ಟಲು ಖಾಲಿ ಮಾಡಿದರು.

"ಸಾರ್, ಇದು ಬರೀ ಮಾದರಿ. ತಿಂದ್ರೆ ಏನೂ ಆಗಲ್ಲ..."

"ಏನೂ ಆಗಲ್ವಾ? ನೋಡ್ರೀ ಇಲ್ಲಿ!" ಸಾಹೇಬರು ನೆಟ್ಟಗೆ ನಡೆದು ತೋರಿಸಿದರು. ನಂಬಿಕೆಗೆ ಅಷ್ಟು ಬಲವಿದೆಯೆಂದು ಯಾವ ಪೇಪರಿನಲ್ಲೂ ಬಂದಿರಲಿಲ್ಲ. ಮೊದಲ ಬಹುಮಾನ ಅಲ್ಲೇ ಘೋಷಣೆಯಾಯಿತು.

"ಈಗ್ಲೇ ಕೇಳಿ," ಎಂದು ಗುಡ್ಡಪ್ಪ ತಿವಿದರು.

ಉಚ್ಚಂಗಪ್ಪ ಗಂಟಲು ಸರಿಪಡಿಸಿಕೊಂಡು ಶಿಕಾರಿಪುರಕ್ಕೆ ವರ್ಗ ಕೇಳಿದರು.

"ಚೆನ್ನಾಗಿದೆ ಕಣ್ರೀ!" ಸಾಹೇಬರು ಅವರ ಹೆಗಲು ಹಿಡಿದುಕೊಂಡರು. "ನನ್ನ ಮಂಡಿ ಪೂರ್ತಿ ಗುಣ ಆಗೋ ತನಕ ನಿಮ್ಮನ್ನ ಸೊರಬ ಬಿಟ್ಟು ಕಳಿಸ್ತೀನಾ? ನಮ್ಮನೆಯವ್ರಿಗೂ ಸೊಂಟನೋವು. ಭಾನುವಾರ ರಜ ಅಂತ ಆ ಶಿಕಾರಿಪುರದ ಬಸ್ ಹತ್ತಿಬಿಟ್ಟೀರಿ ಮತ್ತೆ!"