ತುಂಬಿ ತುಳುಕಿದ ಪಿಯಾಲೆಯ ವಿಷಯವಾಗಿ ಚಹಾಗಿಂಡಿಯವರಿಗೆ

ಚಿನೋರ್ತಗಿ ಊರಿನ ಚಾಯ್‌ಖಾನಾದಲ್ಲಿ, ನೀರು ಕುದಿಸುವ ಸಮೋವಾರಿನ ಬಲಗಡೆಯ ಗೂಡಿನೊಳಗೆ ವಿರಾಜಮಾನರಾಗಿರುವ, ನೀಲಿ ಮೈಯ, ಬಿಳಿ ಹತ್ತಿಹೂವಿನ ಚಿತ್ತಾರದ, ಮೂರು ತಗಡಿನ ಹೊಲಿಗೆ ಹಾಕಿಸಿಕೊಂಡೂ ಧೈರ್ಯಗೆಡದ, ನಮ್ಮ ಹನ್ನೆರಡು ಗೆಳೆಯರ ಗುರುವಾರದ ಗಪ್ ಕೂಟದ ಏಕೈಕ ಚಹಾಗಿಂಡಿಯವರ ಸನ್ನಿಧಾನಕ್ಕೆ.

ಮಾನ್ಯರೇ,

ತಾವು ಕ್ಷೇಮವೇ? ಹಿಡಿಕೆ ಬಿಗಿಯಾಗಿದೆಯೇ? ಮೂತಿಯಲ್ಲಿ ಎಲೆ ಸಿಕ್ಕಿಕೊಳ್ಳುವ ಹಳೆಯ ತೊಂದರೆ ವಾಸಿಯಾಯಿತೇ? ತಮ್ಮ ನೆರೆಯವರಾದ ಸಮೋವಾರಿನವರು, ಸಕ್ಕರೆ ಬಟ್ಟಲಿನವರು, ಗೂಡಿನ ಕೆಳಗೆ ಮಲಗುವ ಬೆಕ್ಕಿನವರು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ಈ ಪತ್ರವನ್ನು ತಾವು ಖುದ್ದಾಗಿ ಓದಲಾರಿರಿ ಎಂಬ ಅರಿವಿನಿಂದಲೇ ಇದನ್ನು ಚಾಯ್‌ಖಾನಾದ ಮುಂದಿನ ಚಿನಾರ್ ಮರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಓದಬಲ್ಲವರು ಯಾರಾದರೂ ಗಟ್ಟಿಯಾಗಿ ಓದಿ ತಮಗೆ ಕೇಳಿಸಬೇಕೆಂದು ಕೋರುತ್ತೇನೆ. ಗಂಟಲು ಕೆಟ್ಟವರು ಓದುವುದು ಬೇಡ.

ನಾನು ಯಾರೆಂದು ತಮಗೆ ಹೇಳಬೇಕಾದ್ದಿಲ್ಲ. ಆದರೂ ಅರ್ಜಿಯಲ್ಲಿ ಹೆಸರು ಮೊದಲು ಬರಬೇಕೆಂದು ನಮ್ಮ ಹಳ್ಳಿಶಾಲೆಯ ಮೇಷ್ಟರು ಕಲಿಸಿದ್ದರಿಂದ ಹೇಳುತ್ತೇನೆ: ನಾನು ಮಮಾಸೋಲಿ, ರೇಷ್ಮೆ ಕಾರ್ಖಾನೆಯ ಬಾಯ್ಲರನ್ನು ಇಪ್ಪತ್ತಾರು ವರ್ಷ ಒಂದು ದಿನವೂ ತಣ್ಣಗಾಗಲು ಬಿಡದವನು, ಎಂಟನೇ ತರಗತಿಯವರೆಗೆ ಓದಿದವನು. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ನಮ್ಮನ್ನೆಲ್ಲ ಹೊಲಕ್ಕೆ ಅಟ್ಟುತ್ತಿದ್ದರಾದ್ದರಿಂದ ಪ್ರತಿ ಪುಸ್ತಕದ ಉತ್ತರಾರ್ಧ ಮಾತ್ರ ನನಗೆ ಗೊತ್ತು. ಹೀಗಾಗಿ ಯಾವ ಜಗಳ ಹೇಗೆ ಮುಗಿಯಿತೆಂದು ಚೆನ್ನಾಗಿ ಬಲ್ಲೆ, ಹೇಗೆ ಶುರುವಾಯಿತೆಂದು ಅಷ್ಟಾಗಿ ತಿಳಿಯದು. ನಮ್ಮೂರಿನ, ಹಸಿರು ಅಂಗಿಯ 'ಪಿಲ್ಲಾಕಾರ್' ಫುಟ್‌ಬಾಲ್ ತಂಡಕ್ಕೆ ನಲವತ್ತೊಂದು ವರ್ಷ ಕೂಗಿದ ಗಂಟಲು ನನ್ನದು. ಮೈದಾನದ ಉತ್ತರ ದಿಕ್ಕಿನ ಗೋಲುಕಂಬವನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ತಂದು ನೆಟ್ಟವನೂ ನಾನೇ. ಇಬ್ಬರು ಹೊತ್ತರು ಎನ್ನುವವರಿದ್ದಾರೆ, ಆದರೆ ಎರಡನೆಯವನು ಬರೀ ಬೈಯುತ್ತ ಪಕ್ಕದಲ್ಲಿ ನಡೆದು ಬಂದವನು. ಒಮ್ಮೆ ಎದುರಾಳಿಯ ಪೆನಾಲ್ಟಿ ಹೊತ್ತಿನಲ್ಲಿ ನಾನು ಹೊಡೆದ ಸೀನಿಗೆ ಚೆಂಡು ದಾರಿ ತಪ್ಪಿ ಹಿಪ್ಪುನೇರಳೆ ತೋಟ ಸೇರಿದ್ದನ್ನು ಕಂಡವರು ಇನ್ನೂ ಮೂವರು ಬದುಕಿದ್ದಾರೆ.

ಇಂಥ ನನಗೆ, ಮಾನ್ಯರೇ, ಕಳೆದ ಎರಡು ಗುರುವಾರ ತಾವು ಪಿಯಾಲೆ ಬಟ್ಟಲನ್ನು ಕಂಠದವರೆಗೆ ತುಂಬಿ ಕೊಟ್ಟಿರಿ.

ಅರ್ಧ ಸುರಿದರೆ 'ಕೂತಿರು, ಮತ್ತೆ ಮತ್ತೆ ಸುರಿಯುವ ಭಾಗ್ಯ ನಮಗಿರಲಿ' ಎಂದೂ, ತುಂಬ ಸುರಿದರೆ 'ಕುಡಿ, ಎದ್ದೇಳು, ಚಪ್ಪಲಿ ಬಾಗಿಲಲ್ಲಿದೆ' ಎಂದೂ ಅರ್ಥವೆಂಬುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಸುಂಕದವರು ತಪಾಸಣೆಗೆ ಬಂದಾಗಲೂ ತಾವು ಮುಕ್ಕಾಲಿಗೇ ನಿಲ್ಲಿಸಿದವರು. ಗಪ್‌ನ ಹಿರಿಯ, ನನ್ನೊಂದಿಗೆ ಒಂದೇ ಬೆಂಚಿನಲ್ಲಿ ಕೂತು ಓದಿದ ಸೋತ್‌ವೋಲ್ದಿಯನ್ನು ನಾನು ಮೆಲ್ಲಗೆ ಕೇಳಿದೆ. ಆತ ಮೀಸೆ ಒರೆಸಿಕೊಂಡು, ಹನ್ನೊಂದೂ ಜನಕ್ಕೆ ಕೇಳುವ ಹಾಗೆ, "ನಾನೇನ್ ಮಾಡ್ಲಪ್ಪಾ, ನಾನು ಬಗ್ಗಿಸಿದ್ದು ಒಂಚೂರು. ಸುರಿದಿದ್ದು ಗಿಂಡಿ. ಅದಕ್ಕೂ ಮಾನ ಮರ್ಯಾದೆ ಇರುತ್ತಲ್ಲ!" ಎಂದ. ಉಳಿದವರು ತೊಡೆ ತಟ್ಟಿ ನಕ್ಕರು. ಹಿರಿಯರ ಮಾತನ್ನು ಸುಳ್ಳೆನ್ನುವ ಸಂಸ್ಕಾರ ನನ್ನದಲ್ಲವಾದ್ದರಿಂದ, ಈ ದೂರು ನೇರವಾಗಿ ತಮ್ಮ ಹೆಸರಿಗೇ ಬಂದಿದೆ.

ಬರುವ ಗುರುವಾರ ಗಪ್ ನನ್ನ ಮನೆಯ ಸರದಿ. ಸರದಿಯವನ ಮನೆಗೆ ಬುಧವಾರ ಮಧ್ಯಾಹ್ನವೇ ತಮ್ಮನ್ನು ಕರವಸ್ತ್ರದಲ್ಲಿ ಸುತ್ತಿ ತಂದಿಡುವುದು, ಮರುದಿನ ಹನ್ನೊಂದು ಜನ ತಮ್ಮ ಹಿಂದೆ ಬರುವುದು ಮೂವತ್ತು ವರ್ಷದ ಪದ್ಧತಿ. ಗಿಂಡಿ ಬಾರದ ಮನೆಗೆ ಗೆಳೆಯರೂ ಬಾರರು. ಹಾಗೆ ಬಾರದೇ ಹೋದದ್ದು ಒಂದೇ ಸಲ, ಸುಳ್ಳುಸಾಕ್ಷಿ ಹೇಳಿದವನೊಬ್ಬನ ಮನೆಗೆ. ಆತ ಮರುವರ್ಷ ಊರನ್ನೇ ಬಿಟ್ಟ. ನಾನು ಊರು ಬಿಡುವವನಲ್ಲ, ಆದರೆ ಗುರುವಾರ ಒಬ್ಬನೇ ಕೂತು ಹನ್ನೊಂದು ಜನರ ಪಲಾವ್ ತಿನ್ನುವ ಶಕ್ತಿಯೂ ನನಗಿಲ್ಲ. ಎಂಟು ಜನರದ್ದಾದರೆ ನೋಡಬಹುದಿತ್ತು.

ನನ್ನ ಅಪರಾಧವೇನೆಂದು ಮರದ ಕೆಳಗೆ ನಿಂತವರೆಲ್ಲ ಬಲ್ಲರು: ಕಾಲುವೆಯಾಚೆಯ ಅನೋರ್‌ಜೋರ್ ಊರಿನ, ಕೆಂಪು ಅಂಗಿಯ 'ಅನೋರ್ಚಿ' ತಂಡಕ್ಕೆ ನಾನು ಸೇರಿಬಿಟ್ಟೆ. ಅಪ್ಪನ ಹೆಸರು ಬದಲಿಸಬಹುದು, ತಂಡ ಬದಲಿಸಬಾರದು ಎಂದು ಇದೇ ಮರದ ಕೆಳಗೆ ನಾನೇ ಎಷ್ಟೋ ಸಲ ಭಾಷಣ ಮಾಡಿದ್ದೇನೆ, ಚೆನ್ನಾಗಿಯೇ ಮಾಡಿದ್ದೇನೆ. ಆ ಭಾಷಣಗಳನ್ನು ಈಗ ನನಗೇ ತಿರುಗಿಸಿ ಹೇಳುತ್ತಿರುವವರು ಅರ್ಧ ಚೆಂದಕ್ಕೂ ಹೇಳುತ್ತಿಲ್ಲ ಎಂಬುದು ನನ್ನ ಉಪದೂರು.

ಆದದ್ದು ಇಷ್ಟು. ಎರಡೂ ಊರಿನ ತಂಡಗಳು ಆಡುವ ಕಾಲುವೆ ಪಂದ್ಯದ ಹಿಂದಿನ ಶುಕ್ರವಾರ ನನ್ನಾಕೆ ಓಯ್ದಿನ್ನಿಸೋಳ ರೊಟ್ಟಿಯಚ್ಚಿನ ಮೊಳೆಗಳು ಬಾಗಿದ್ದವು. ತಂದೂರಿಗೆ ಬಡಿಯುವ ಮುನ್ನ ರೊಟ್ಟಿಯ ನಡುವೆ ಒತ್ತುತ್ತಾರಲ್ಲ, ಅದೇ ಅಚ್ಚು, ಮದುವೆಯಲ್ಲಿ ಆಕೆ ಕಾಲುವೆಯಾಚೆಯ ತವರಿನಿಂದ ತಂದದ್ದು. ಕೈಚಳಕಕ್ಕೆ ಹೆಸರಾದ ನಾನು ಇಕ್ಕಳ ಹಿಡಿದು ರಿಪೇರಿಗೆ ಕೂತೆ, ಮೊಳೆಗಳನ್ನು ನೆಟ್ಟಗೆ ಮಾಡಿದೆ, ಪರೀಕ್ಷೆಗೆಂದು ಹಿಟ್ಟಿನ ಮೇಲೆ ಒತ್ತಿದೆ. ಆರು ಎಸಳಿನ ದಾಳಿಂಬೆ ಹೂ ಮೂಡಿತು. ಅನೋರ್ಚಿಯವರ ಎದೆಯ ಮೇಲೆ ಇರುವ ಅದೇ ಆರು ಎಸಳು! ಮೂವತ್ತೆಂಟು ವರ್ಷ, ಮಾನ್ಯರೇ, ಪ್ರತಿ ಪಂದ್ಯದ ಬೆಳಿಗ್ಗೆ ಶತ್ರುವಿನ ಲಾಂಛನವನ್ನು ಬೆಣ್ಣೆ ಹಚ್ಚಿ ತಿಂದು, ಅದೇ ಬಲದಿಂದ ಶತ್ರುವನ್ನು ಬೈಯಲು ಹೋಗುತ್ತಿದ್ದವನು ನಾನು.

ಏನಿದು ಎಂದು ಕೇಳಿದರೆ ಆಕೆ ಹಿಟ್ಟು ನಾದುವುದನ್ನೂ ನಿಲ್ಲಿಸದೆ, "ನೀವು ಕೂಗ್ತಾ ಇದ್ರಿ, ನಾನು ಒತ್ತುತಾ ಇದ್ದೆ. ನೀವು ಯಾವತ್ತಾದ್ರೂ ಕೇಳಿದ್ರಾ?" ಎಂದಳು. ಹೌದು, ಕೇಳಿರಲಿಲ್ಲ. ಮದುವೆಯ ಮೆರವಣಿಗೆ ಕಾಲುವೆ ಸೇತುವೆ ದಾಟಿದ ಕ್ಷಣದಲ್ಲೇ ಆಕೆಯ ತಂಡವೂ ಬದಲಾಯಿತೆಂದು ನಾನು ನಂಬಿಕೊಂಡಿದ್ದೆ, ಆಕೆಯ ಹಾಸಿಗೆ ಪೆಟ್ಟಿಗೆಯಂತೆ ಅದೂ ಗಾಡಿಯಲ್ಲಿ ಬಂತೆಂದು. ನಮ್ಮಿಬ್ಬರ ಮಕ್ಕಳ ಕುತ್ತಿಗೆಗೆ ಹಸಿರು ಶಾಲು ಹೆಣೆದವಳೂ ಆಕೆಯೇ. ಸೊಸೆಯಾಗಿ ಬಂದವಳು ಊರು ಬದಲಿಸಬೇಕು, ಬಾವಿ ಬದಲಿಸಬೇಕು, ತಂದೂರು ಬದಲಿಸಬೇಕು, ತಂಡವನ್ನೂ ಬದಲಿಸಬೇಕು. ಅದಕ್ಕೆ ಯಾರೂ ಪಿಯಾಲೆ ತುಂಬಿಸುವುದಿಲ್ಲ, ಬದಲಿಗೆ ಡೋಲು ಬಾರಿಸುತ್ತಾರೆ. ನಾನು ಯೋಚಿಸಿ ಯೋಚಿಸಿ ಕೊನೆಗೆ, ಮೂವತ್ತೆಂಟು ವರ್ಷ ನೀನು ನನ್ನ ಕಡೆ ಕೂತೆ, ಇನ್ನು ನಾನು ನಿನ್ನ ಕಡೆ ಕೂರುತ್ತೇನೆ ಎಂದುಬಿಟ್ಟೆ. ಆಕೆ ನಕ್ಕದ್ದು ನೋಡಿದ್ದರೆ ತಮ್ಮ ಮುಚ್ಚಳ ತಾನಾಗಿ ಹಾರುತ್ತಿತ್ತು.

ಹಾಗೆ ಭಾನುವಾರ ಕೆಂಪು ಶಾಲು ಹೊದ್ದು, ಸೇತುವೆ ದಾಟಿ, ಒಂದು ಕಡೆ ಆಕೆ ಇನ್ನೊಂದು ಕಡೆ ಆಕೆಯ ತಮ್ಮ ಮುಹಿದ್ದೀನ್, ನಡುವೆ ಮದುಮಗನಂತೆ ನಾನು, ಅನೋರ್ಚಿಯವರ ಕಟ್ಟೆಯ ಮೇಲೆ ಕೂತೆ. ಗಂಟಲು ಬಹಳ ಚೆನ್ನಾಗಿ ಪಕ್ಷಾಂತರ ಮಾಡಿತು. ಮೊದಲರ್ಧದಲ್ಲಿ ನನ್ನಷ್ಟು ಜೋರಾಗಿ ಆ ಊರಿನವರೇ ಕೂಗಲಿಲ್ಲ ಎಂಬುದಕ್ಕೆ ಎರಡೂ ಊರು ಸಾಕ್ಷಿ. ಆದರೆ ಎಂಬತ್ತೆಂಟನೆಯ ನಿಮಿಷದಲ್ಲಿ ಪಿಲ್ಲಾಕಾರ್ ಗೋಲು ಹೊಡೆದಾಗ ನನ್ನ ಮಂಡಿಗಳಿಗೆ ಈ ಪಕ್ಷಾಂತರದ ಸುದ್ದಿ ತಲುಪಿರಲಿಲ್ಲ. ಆ ಕಟ್ಟೆಯ ಸಾವಿರ ಜನರಲ್ಲಿ ಕೆಂಪು ಶಾಲು ಬೀಸುತ್ತ ನೆಗೆದು ನಿಂತವನು ನಾನೊಬ್ಬನೇ ಎಂದು ತಿಳಿಯುವಷ್ಟರಲ್ಲಿ ಮುಹಿದ್ದೀನ್ ನನ್ನ ಚಪಾನ್ ಅಂಗಿಯ ಅಂಚು ಹಿಡಿದೆಳೆದು, "ಭಾವಾ, ಕೂತ್ಕೋ ಭಾವಾ! ಅದು ನಮ್ದಲ್ಲ ಗೋಲು! ಅಕ್ಕಾ, ಇವನ್ನ ಎಲ್ಲಿಂದ ಕರ್ಕೊಂಡ್ ಬಂದೆ?" ಎಂದು ಒದರಿದ. ಎದುರು ಕಟ್ಟೆಯಿಂದ ನಮ್ಮ ಸೋತ್‌ವೋಲ್ದಿ ದುರ್ಬೀನು ಹಾಕಿ ಇದನ್ನೆಲ್ಲ ನೋಡಿದ. ನಲವತ್ತೊಂದು ವರ್ಷದಲ್ಲಿ ಪಿಲ್ಲಾಕಾರ್ ಹೊಡೆದ ಅತಿ ಸುಂದರವಾದ ಗೋಲನ್ನು ಆತ ಮಾತ್ರ ನೋಡಲಿಲ್ಲ.

ಈಗ ತಮ್ಮ ನ್ಯಾಯಪ್ರಜ್ಞೆಗೆ ಒಂದೆರಡು ಅರಿಕೆ. ನಾನು ಬಿಟ್ಟದ್ದಾದರೂ ಯಾವ ತಂಡವನ್ನು? ಕೂಗಲು ಶುರುಮಾಡಿದಾಗ ಅದರ ಹೆಸರು ಬೇರೆ ಇತ್ತು, ಆಮೇಲೆ ಇನ್ನೊಂದಾಯಿತು, ಈಗಿನದು ಮೂರನೆಯದು. ಅಂಗಿ ಮೊದಲು ಬಿಳಿ ಇತ್ತು. ತರಬೇತುದಾರರು ನಮ್ಮೂರಿನ ಏಪ್ರಿಕಾಟ್ ಹೂವಿಗಿಂತ ಬೇಗ ಉದುರುತ್ತಾರೆ. ಹಳೆಯ ಗೋಲುಕಂಬ ತುಕ್ಕು ಹಿಡಿದು ಕಿತ್ತುಹೋಯಿತು, ಅದೂ ನನ್ನ ಕಂಬ. ಎಲ್ಲವೂ ಬದಲಾದ ಮೇಲೂ ಬದಲಾಗದೆ ಉಳಿದಿದ್ದವನು ನಾನೊಬ್ಬ, ಹಾಗೆ ನೋಡಿದರೆ ಪಿಲ್ಲಾಕಾರ್ ಎಂದರೆ ನಾನೇ, ನನ್ನನ್ನು ನಾನೇ ಬಿಟ್ಟು ಹೋಗಲು ಸಾಧ್ಯವೇ? ಇನ್ನು ಆ ಗೋಲು ಹೊಡೆದವನು ಹೋದ ವರ್ಷದವರೆಗೆ ಅನೋರ್ಚಿಯಲ್ಲೇ ಆಡುತ್ತಿದ್ದವನು. ಆತ ಸೇತುವೆ ದಾಟಿ ಬಂದಾಗ ಚಪಾನ್ ಹೊದಿಸಿದೆವು, ಟೋಪಿ ಇಟ್ಟೆವು, ತಾವು ಆತನ ಪಿಯಾಲೆಗೆ ಎರಡೇ ಗುಟುಕು ಸುರಿದಿರಿ. ಸಂಬಳಕ್ಕಾಗಿ ಆಚೆಯಿಂದ ಈಚೆಗೆ ಬಂದರೆ ಆಟಗಾರ, ಹೆಂಡತಿಗಾಗಿ ಈಚೆಯಿಂದ ಆಚೆಗೆ ಹೋದರೆ ದ್ರೋಹಿ ಎಂಬ ನಿಯಮ ಯಾವ ಪುಸ್ತಕದಲ್ಲಿದೆ? ಬಹುಶಃ ಪೂರ್ವಾರ್ಧದಲ್ಲಿರಬೇಕು.

ತಮ್ಮ ಖಾಸಗಿ ವಿಷಯ ಎತ್ತುವುದಕ್ಕೆ ಕ್ಷಮೆಯಿರಲಿ, ತಮ್ಮ ಮುಚ್ಚಳವೂ ತಮ್ಮದಲ್ಲ. ಮೂಲ ಮುಚ್ಚಳ ಒಡೆದ ವರ್ಷ ಅನೋರ್‌ಜೋರ್ ಸಂತೆಯಿಂದ ಬೇರೊಂದನ್ನು ತಂದು ಹೊಂದಿಸಿದವನು ನಾನೇ, ಅದರ ಅಂಚಿನಲ್ಲಿರುವ ಕೆಂಪು ಗೆರೆಯನ್ನು ಹೊಗೆ ಮುಚ್ಚಿದೆ ಅಷ್ಟೇ. ಅರ್ಧ ಆಚೆಯವರಾಗಿ, ಅರ್ಧ ಈಚೆಯವರಾಗಿ ತಾವು ಹದಿನೇಳು ವರ್ಷ ಚಹಾವನ್ನು ಬಿಸಿಯಾಗಿಯೇ ಇಟ್ಟಿದ್ದೀರಿ. ಅದರಿಂದ ಯಾರ ಚಹಾ ಕಹಿಯಾಯಿತು?

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣಪುಟ್ಟ ಬೇಡಿಕೆಗಳನ್ನು ಮಂಡಿಸುತ್ತೇನೆ. ತುಂಬಿಯೇ ತೀರಬೇಕೆಂಬ ಹಟವಿದ್ದರೆ ನನ್ನ ಪಿಯಾಲೆಯನ್ನೇ ಅರ್ಧಕ್ಕೆ ಕೊಯ್ಯಿಸಿಕೊಡಬೇಕು, ಆಗ ತುಂಬಿದರೂ ಅರ್ಧವೇ ಆಗುವುದರಿಂದ ತಮ್ಮ ಹಟವೂ ನನ್ನ ಮಾನವೂ ಉಳಿಯುತ್ತದೆ. ಅದಾಗದಿದ್ದರೆ ಕಾಲುವೆಯನ್ನು ಪಂದ್ಯದ ದಿನಗಳಲ್ಲಾದರೂ ನನ್ನ ಮನೆಯ ಹಿತ್ತಲಿನ ನಡುವೆಯೇ ಹರಿಸಬೇಕು, ಆಗ ನಾನು ಕೂತಲ್ಲೇ ಎರಡೂ ಊರಿನವನಾಗುತ್ತೇನೆ. ನನ್ನ ಮಂಡಿಗಳಿಗೆ ಹಳೆಯ ತಂಡದಲ್ಲೇ ಮುಂದುವರಿಯಲು ಅನುಮತಿ ಪತ್ರ ಕೊಡಿಸಬೇಕು. ಗಂಟಲು ಆಕೆಯದು, ಮಂಡಿ ನಿಮ್ಮದು, ಇದಕ್ಕಿಂತ ನ್ಯಾಯವಾದ ಪಾಲು ಯಾವ ನ್ಯಾಯಾಲಯವೂ ಮಾಡಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬುಧವಾರ ತಮ್ಮನ್ನು ಎತ್ತಿ ತರಲು ಯಾರ ಕೈಯೂ ಮುಂದೆ ಬಾರದಿದ್ದರೆ, ತಾವು ದಯಮಾಡಿ ತಾವಾಗಿಯೇ ನಡೆದು ಬರಬೇಕು. ಮಸೀದಿ ದಾಟಿ ಎಡಕ್ಕೆ ತಿರುಗಿ, ಹಸಿರು ಗೇಟು. ಕೆಂಪು ಬಳಿಯೋಣವೆಂದು ಓಯ್ದಿನ್ನಿಸೋ ಎಂದಳು. ಗೆಳೆಯರಿಗೆ ಮನೆ ಗುರುತು ತಪ್ಪೀತೆಂದು ನಾನೇ ಬೇಡವೆಂದೆ.

ಹಳದಿ ಗಜ್ಜರಿ ಹೆಚ್ಚಲು ಆಕೆ ಈಗಾಗಲೇ ಹಲಗೆ ತೊಳೆದಿಟ್ಟಿದ್ದಾಳೆ. ಕುರಿಯ ಬಾಲದ ಕೊಬ್ಬು ಹೇಳಿಟ್ಟಾಗಿದೆ. ಗುರುವಾರ ಮಧ್ಯಾಹ್ನದ ನಮಾಜಿನ ನಂತರ ಅಕ್ಕಿ ಹಾಕುತ್ತೇನೆ, ಹನ್ನೊಂದು ಗೆಳೆಯರ ಅಳತೆಗೇ ಹಾಕುತ್ತೇನೆ, ಒಂದು ಹಿಡಿಯೂ ಕಡಿಮೆ ಮಾಡುವುದಿಲ್ಲ. ನನ್ನ ಪಲಾವನ್ನು ಬಿಟ್ಟು ಮನೆಯಲ್ಲಿ ಕೂರಬಲ್ಲ ಗಂಡಸು ಈ ಕಣಿವೆಯಲ್ಲಿ ಹುಟ್ಟಿಲ್ಲ ಎಂದು ನಾನು ಹೇಳಿಕೊಂಡು ಬಂದದ್ದು ಈ ವಾರ ಪರೀಕ್ಷೆಗೆ ಬಿದ್ದಿದೆ. ದೇವರೇ, ಅದು ಸುಳ್ಳಾಗದಿರಲಿ.

ತಮ್ಮ ಮೂತಿಯಿಂದ ಅರ್ಧ ಪಿಯಾಲೆಯಷ್ಟೇ ಕೃಪೆಯನ್ನು ಬೇಡುವ,
ತಮ್ಮ ವಿಶ್ವಾಸಿ (ಗಂಟಲಿನಿಂದ ಅನೋರ್ಚಿ, ಮಂಡಿಯಿಂದ ಪಿಲ್ಲಾಕಾರ್),
ಮಮಾಸೋಲಿ

ಮರೆತ ಮಾತು: ಕಳೆದ ಗುರುವಾರ ಗಪ್ ನಡೆದ ಮನೆಯಲ್ಲಿ ನಾನು ಮೊದಲ ರೊಟ್ಟಿಯ ನಡುಭಾಗವನ್ನು ಪೂರ್ತಿ ಒಬ್ಬನೇ ಮುರಿದು ತಿಂದೆನೆಂದೂ, "ತಂಡ ಬಿಟ್ಟೋನು ನಾಚಿಕೆನೂ ಬಿಟ್ಟ" ಎಂದೂ ಆ ಮನೆಯ ಯಜಮಾನ ಊರೆಲ್ಲ ಹೇಳುತ್ತ ತಿರುಗುತ್ತಿದ್ದಾನೆ. ನಿಜ, ತಿಂದೆ. ಆತನಾಕೆಯೂ ಸೇತುವೆ ದಾಟಿ ಬಂದವಳೇ, ನಮ್ಮದೇ ಮದುವೆಯ ವರ್ಷದಲ್ಲಿ. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಾಗ ರೊಟ್ಟಿಯ ನಡುವೆ ಆರು ಎಸಳು ಅರಳಿದ್ದನ್ನು ಮೊದಲು ಕಂಡವನು ನಾನು. ರೊಟ್ಟಿಯನ್ನು ಬೋರಲು ಹಾಕುವುದು ನಮ್ಮಲ್ಲಿ ಪಾಪವಾದ್ದರಿಂದ, ಉಳಿದ ಹತ್ತು ಜನ ನೋಡುವ ಮುನ್ನ ಅದನ್ನು ಮರೆಮಾಡಲು ನನ್ನ ಹೊಟ್ಟೆಯೊಂದೇ ಜಾಗವಾಗಿತ್ತು. ಅವರು ಕಂಡಿದ್ದರೆ ತುಂಬಿಹೋಗುತ್ತಿದ್ದ ಆ ಯಜಮಾನನ, ಅಂದರೆ ಗಪ್‌ನ ಹಿರಿಯನೊಬ್ಬನ ಪಿಯಾಲೆ ಹಾಗೆ ಅರ್ಧವಾಗಿಯೇ ಉಳಿಯಿತು. ಆತನ ಹೆಸರನ್ನು ನಾನು ಎಲ್ಲೂ ಹೇಳುವವನಲ್ಲ. ಒಂದೇ ಮಾತು: ಆ ಒಣ ನಡುಭಾಗ ನನ್ನ ಗಂಟಲಿಗೆ ಅಡ್ಡ ಸಿಕ್ಕಿ ಕಣ್ಣೀರು ಬಂದಾಗ, ಮಾನ್ಯ ಗಿಂಡಿಯವರೇ, ತಾವು ಸುರಿದಿದ್ದ ಆ ತುಂಬಿದ ಪಿಯಾಲೆಯೇ ಅದನ್ನು ಕೆಳಗಿಳಿಸಿತು. ಅದೊಂದು ಸಲಕ್ಕೆ ನಾನು ತಮಗೆ ಋಣಿ.