ಬಾಯಿ ಸುಳ್ಳು, ಹೊಟ್ಟೆ ನಿಜ!

"ಭಾವ, ಇನ್ನು ಮೇಲೆ ಊಟದ ಪಂಕ್ತೀಲಿ ಸುಳ್ಳು ಹೇಳೋರ ಕಾಲ ಮುಗೀತು!" ಎಂದು ಮಾರ್ಕಂಡೇಯ ಘೋಷಿಸಿದಾಗ ಚಿದಂಬರಯ್ಯನವರ ಎದೆ ಧಸಕ್ಕೆಂದಿತು. ಏಕೆಂದರೆ ತಿಪಟೂರಿನ ಪಂಕ್ತಿಗಳಲ್ಲಿ ಎಂಟು ತಿಂಗಳಿಂದ ಎಲ್ಲರಿಗಿಂತ ದೊಡ್ಡ ಸುಳ್ಳು ಹೇಳಿಕೊಂಡು ಬಂದವರು ಅವರೇ.

ಚಿದಂಬರಯ್ಯನವರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಗೊತ್ತಿದ್ದದ್ದು ಅವರಿಗೆ, ಡಾಕ್ಟರ್ ವಸುಂಧರಾಗೆ ಮತ್ತು ದೇವರಿಗೆ. ಹೆಂಡತಿ ತುಂಗಮ್ಮನಿಗೆ ಗೊತ್ತಾದರೆ ಮರುದಿನದಿಂದಲೇ ರಾಗಿಗಂಜಿ. ಊರಿಗೆ ಗೊತ್ತಾದರೆ ಇನ್ನೂ ಕಷ್ಟ. ರಾಮಮಂದಿರದಲ್ಲಿ ವರ್ಷವರ್ಷವೂ ನಲವತ್ತು ದಿನ ಭಾರತ ವಾಚನ ಮಾಡುವವರು ಅವರು. ಕೊನೆಯ ದಿನದ ಮಂಗಳಕ್ಕೆ ಮೊದಲ ಲಾಡು ವಾಚಕರ ಎಲೆಗೇ ಬೀಳಬೇಕೆಂಬುದು ಅಜ್ಜನ ಕಾಲದ ಪದ್ಧತಿ. ಆ ಲಾಡು ತಪ್ಪಿ ಮಜ್ಜಿಗೆಯ ಲೋಟ ಬಂದು ಕೂತರೆ, ನಲವತ್ತು ದಿನ ಭೀಮನ ಬಾಯಿಯಾಗಿ ಗರ್ಜಿಸಿದ ಗಂಟಲಿಗೆ ಮರ್ಯಾದೆ ಎಲ್ಲಿ ಉಳಿಯಿತು? ಹೀಗಾಗಿ ಮಾತ್ರೆಗಳನ್ನು ಅವರು ಕಾವ್ಯದ ಹೊತ್ತಗೆ ಸುತ್ತುವ ಕೆಂಪು ವಸ್ತ್ರದ ಮಡಿಕೆಯಲ್ಲಿ ಅಡಗಿಸಿಟ್ಟಿದ್ದರು. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ ಎಂಬ ಧೈರ್ಯ.

ಮಾರ್ಕಂಡೇಯ ತುಂಗಮ್ಮನ ತಮ್ಮ, ಪಕ್ಕದ ಮನೆಯವನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ಯಂತ್ರಗಳ ಬೆನ್ನು ಹತ್ತಿದ್ದ. ಅವನ 'ತಾನೇ ಕದಡುವ ಸಾರಿನ ಪಾತ್ರೆ' ಸಾರು ಚಿಮ್ಮಿಸಿ ಬರೆದ ಚಿತ್ರ ತುಂಗಮ್ಮನ ಅಡಿಗೆಮನೆಯ ಚಾವಣಿಯಲ್ಲಿ ಇಂದಿಗೂ ಇದೆ.

ಇವತ್ತು ಅವನು ಹಿತ್ತಿಲಿನಿಂದ ಉರುಳಿಸಿಕೊಂಡು ಬಂದದ್ದು ಒಂದು ಹಳೆಯ ಆಸ್ಪತ್ರೆಯ ತಳ್ಳುಗಾಡಿ. ಹೊಟ್ಟೆಯಲ್ಲಿ ಲಾಡುವಿನ ಡಬ್ಬಿ, ಎದೆಯಲ್ಲಿ ಹಾರ್ಮೋನಿಯಂ ತಿದಿ, ಮುಂದೆ ಗಣಪತಿಯ ಸೊಂಡಿಲಿನಂಥ ಕೊಳವೆ, ಪಕ್ಕದಲ್ಲಿ ಸ್ಪ್ರಿಂಗಿನ ಉದ್ದ ಕೈ.

"ಈ ಕೈ ಎಲ್ಲಿಂದ ತಂದೆಯೋ?" ಎಂದರು ಚಿದಂಬರಯ್ಯ.

"ಹುಡುಗರಿಗೆ ಕ್ರಿಕೆಟ್ ಚೆಂಡು ಎಸೆಯೋ ಯಂತ್ರದ್ದು ಭಾವ! ಪಂಕ್ತಿ ಉದ್ದ ಇದ್ರೆ ಕೊನೇ ಎಲೆಗೂ ಲಾಡು ತಲುಪಬೇಕಲ್ಲ?"

"ಲಾಡು ತಲುಪುತ್ತೆ, ಎಲೆ ಮುಂದೆ ಕೂತೋನು ಉಳೀತಾನಾ?" ಎಂದು ತುಂಗಮ್ಮ ಕಾಫಿ ತಂದುಕೊಟ್ಟರು.

ಚಿದಂಬರಯ್ಯ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಆಹಾ! ಕಾಫಿಯಲ್ಲ ಕಣೇ ಇದು, ಪಾಯಸ!" ತುಂಗಮ್ಮ ಸೆರಗು ಸರಿಮಾಡಿಕೊಂಡರು.

ಮಾರ್ಕಂಡೇಯನಿಗೆ ಕಾಫಿ ಬೇಕಿರಲಿಲ್ಲ. ಮೂರು ತಿಂಗಳು ಹೊಸ ಹೊಸ ಸಂಶೋಧನೆಗಳನ್ನು ಓದಿ ಅವನಿಗೆ ಅಮಲೇರಿತ್ತು. "ಕೇಳಿ ಭಾವ! ರಸಾಯನದೋರು ಹೇಳ್ತಾರೆ, ಒಂದು ಉಸಿರಲ್ಲಿ ನೂರಾರು ಬಗೆ ಅನಿಲ ಇರುತ್ತೆ ಅಂತ. ವೈದ್ಯಶಾಸ್ತ್ರದೋರು ಹೇಳ್ತಾರೆ, ಒಳಗಿರೋ ರೋಗದ ಸುಳಿವು ಅದರಲ್ಲೇ ಸಿಗುತ್ತೆ ಅಂತ. ಇನ್ನು ಗ್ರಾಹಕರ ಸ್ವಭಾವ ಅಧ್ಯಯನ ಮಾಡೋರು ಹೇಳ್ತಾರೆ, ಮನುಷ್ಯ ಬಾಯಲ್ಲಿ ಕೇಳೋದೇ ಒಂದು, ಅವನಿಗೆ ಬೇಕಾಗಿರೋದೇ ಇನ್ನೊಂದು ಅಂತ. ಈ ಮೂರು ನದೀನೂ ನಾನು ಒಂದೇ ಗಾಡೀಲಿ ಸೇರಿಸಿದೀನಿ!"

"ಸರಿ, ಸಂಗಮದಲ್ಲಿ ಮುಳುಗೋರು ಯಾರು?" ಎಂದರು ತುಂಗಮ್ಮ.

"ನೀನೇ ಮೊದಲು ಕೂತ್ಕೋ ಅಕ್ಕ."

"ನಂಗೇನೂ ಬೇಡಪ್ಪ. ಈಗ ತಾನೇ ತಿಂಡಿ ಆಯ್ತು."

ಸೊಂಡಿಲು ಅವರ ಮುಖದ ಮುಂದೆ ಬಂದು ಸುಂಯ್ ಎಂದು ಉಸಿರೆಳೆದುಕೊಂಡಿತು. ಒಳಗೆ ಏನೋ ಗುಳುಗುಳು ಎಂದಿತು. ಆಮೇಲೆ ಗಾಡಿ ಖಣಿಲ್ ಎಂದು ಮಾತಾಡಿತು: "ಬಾಯಿ ಸುಳ್ಳು, ಹೊಟ್ಟೆ ನಿಜ! ಬೆಳಗಿಂದ ಏನೂ ತಿಂದಿಲ್ಲ. ಹಾಕ್ಕೊಳ್ಳೀಂದ್ರೆ!" ತಟ್ಟೆಗೆ ಎರಡು ಲಾಡು ಬಿದ್ದವು.

ತುಂಗಮ್ಮ ಬೆಚ್ಚಿಬಿದ್ದದ್ದು ಲಾಡುವಿಗಲ್ಲ. "ಅಯ್ಯೋ! ಇದು ನನ್ನ ದನಿಯಲ್ವೇನೋ?"

"ಸಾರಿನ ಪಾತ್ರೆ ಹಿಂದೆ ಫೋನ್ ಇಟ್ಟು ಒಂದು ವಾರ ಮುದ್ರಿಸಿಕೊಂಡೆ. ಊಟಕ್ಕೆ ಕೂತ ಗಂಡಸರು ಬೇರೆ ಯಾವ ದನಿಗೂ ಬಗ್ಗಲ್ಲ ಅಕ್ಕ!"

"ಏನ್ ಸಿಟ್ಟು ಇದೆಯೋ ಆ ದನೀಲಿ! ನಾನು ಹೀಗೆ ಮಾತಾಡ್ತೀನಾ?"

ಭಾವ-ಮೈದುನ ಇಬ್ಬರೂ ನೆಲ ನೋಡಿದರು.

"ಈಗ ನೀವು ಭಾವ!"

ಪದ್ಮವ್ಯೂಹದ ಬಾಗಿಲು ಮುಚ್ಚಿತು. ಆದರೆ ಚಿದಂಬರಯ್ಯ ಬರಿಗೈಯವರಲ್ಲ. ಒಂದು ಇಡೀ ಪದ್ಯವನ್ನು ಒಂದೇ ಉಸಿರಿನಲ್ಲಿ ಹಾಡಿ ಮುಗಿಸುವ ಎದೆ ಅವರದು. ಸೊಂಡಿಲು ಹತ್ತಿರ ಬಂದ ಕೂಡಲೇ ಉಸಿರು ಬಿಗಿಹಿಡಿದು ಕಲ್ಲಾದರು. ಯಂತ್ರ ಹುಡುಕಿತು, ತಡಕಿತು, ಎಡಕ್ಕೆ ಬಲಕ್ಕೆ ಮೂಸಿತು. ಕೊನೆಗೆ ಬೇಸತ್ತು ಹೇಳಿತು: "ಈ ಎಲೆ ಖಾಲಿ. ಮುಂದೆ!"

"ಇದೇನು ಭಾವ, ನೀವು ಇಲ್ಲವೇ ಇಲ್ಲ ಅಂತಿದೆ!"

"ಪರಬ್ರಹ್ಮದ ಮುಂದೆ ನಾವೆಲ್ಲ ಹಾಗೇ ಕಣಯ್ಯ," ಎಂದು ಚಿದಂಬರಯ್ಯ ಗಾಂಭೀರ್ಯದಿಂದ ಎದ್ದರು. ಗುಟ್ಟು ಉಳಿಯಿತು. ಆದರೆ ಮಾರ್ಕಂಡೇಯ ಹಿಂದೆಯೇ ಕೂಗಿ ಹೇಳಿದ: "ನಾಳಿದ್ದು ಮಂಗಳದ ದಿನ ಬಡಿಸೋದು ಇದೇನೇ! ಕಾರ್ಯದರ್ಶಿಗಳು ಒಪ್ಪಿದಾರೆ!"

ಮಂಗಳದ ದಿನ ವಾಚಕರಿಗೆ ಕೊನೆಯ ಪದ್ಯದವರೆಗೂ ಉಪವಾಸ. ಬೆಳಿಗ್ಗೆ ಮಿಂದು ಮಡಿಯುಟ್ಟು ಚಿದಂಬರಯ್ಯ ಕೆಂಪು ವಸ್ತ್ರ ಬಿಚ್ಚಿ ಲೆಕ್ಕ ಹಾಕಿದರು. ದಿನಕ್ಕೆ ಒಂದು ಮಾತ್ರೆ, ತಿಂಡಿಗೆ ಮುಂಚೆ, ಎಂದು ಡಾಕ್ಟರು ಹೇಳಿದ್ದರು. ಯಂತ್ರ ದಾಟಿ ಹೋದರೂ, ಪದ್ಧತಿ ಬಿಡದ ಜನ ಇವತ್ತು ವಾಚಕರ ಎಲೆಗೆ ಕೈಯಾರೆ ಮೂರು ಲಾಡು ಬಡಿಸುವುದು ಖಂಡಿತ. ಲಾಡುವಿಗೊಂದರಂತೆ ಮೂರು ಮಾತ್ರೆ! ಬಾಣಕ್ಕೆ ಪ್ರತಿಬಾಣ ಹೂಡಿದ ವೀರನ ಹೆಮ್ಮೆಯಿಂದ ಮೂರನ್ನೂ ಒಟ್ಟಿಗೆ ನುಂಗಿ, ಬರೀ ನೀರು ಕುಡಿದು ಮಂದಿರಕ್ಕೆ ನಡೆದರು.

ಹನ್ನೆರಡೂವರೆಗೆ ಎಲೆ ಹಾಕಿದರು. ಎರಡು ಸಾಲಿನಲ್ಲಿ ಇನ್ನೂರು ಜನ. ಅಲ್ಲಿನ ಕ್ರಮವೇನೆಂದರೆ, ಎಲೆಯ ಮುಂದೆ ಕೂತು ವಾಚಕರು ಫಲಶ್ರುತಿಯ ಪದ್ಯಗಳನ್ನು ಹಾಡಬೇಕು. ಹಾಡುತ್ತಿರುವಾಗ ಬಡಿಸುವುದು ನಡೆಯಬೇಕು. ಅವರು ಮುಗಿಸುವ ತನಕ ಯಾರೂ ತುತ್ತೆತ್ತುವಂತಿಲ್ಲ. ಚಿದಂಬರಯ್ಯ ಸಾಲಿನ ತಲೆಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. ಮಾರ್ಕಂಡೇಯ ಯಂತ್ರದ ಗುಂಡಿ ಒತ್ತಿದ.

ಮೊದಲಿಗೆ ಅದು ನೇರ ವಾಚಕರ ಎಲೆಗೇ ಬಂತು. ಚಿದಂಬರಯ್ಯ ಒಂದು ಪದ್ಯ ಮುಗಿಸಿ, ಧ್ಯಾನದಲ್ಲಿ ಮುಳುಗಿದವರ ಹಾಗೆ ಉಸಿರು ಕಟ್ಟಿದರು.

"ಈ ಎಲೆ ಖಾಲಿ. ಮುಂದೆ!"

ಗೆದ್ದೆ ಎಂದುಕೊಂಡರು. ಯಂತ್ರ ಮುಂದಿನ ಎಲೆಗೆ ಉರುಳಿತು. ಅಲ್ಲಿ ಕಾರ್ಯದರ್ಶಿ ಪುಟ್ಟಸ್ವಾಮಯ್ಯ. ಊರಿಗೆಲ್ಲ ಮಿತಾಹಾರದ ಉಪದೇಶ ಮಾಡುವ ಮನುಷ್ಯ. "ನನಗೆ ಬೇಡ, ಬೇಡ, ಒಂದು ಚೂರು ಮುರಿದು ಹಾಕಿ ಸಾಕು," ಎಂದು ಎಲೆಗೆ ಎರಡು ಕೈ ಅಡ್ಡ ಹಿಡಿದರು.

"ಬಾಯಿ ಸುಳ್ಳು, ಹೊಟ್ಟೆ ನಿಜ! ಐದು!" ದಬ ದಬ ದಬ ದಬ ದಬ! ಕಾರ್ಯದರ್ಶಿಗಳ ಕೈಯ ಮೇಲೆ ಗೋಪುರವೇ ಎದ್ದಿತು.

ಪಕ್ಕದ ತೆಂಗಿನ ಮಂಡಿಯ ನಂಜುಂಡಪ್ಪ, "ನಂಗೂ ಐದು ಹಾಕಮ್ಮ!" ಎಂದ. ಯಂತ್ರ ಮೂಸಿತು. "ಹನ್ನೊಂದು ಗಂಟೆಗೆ ಬೆಣ್ಣೆ ಮಸಾಲೆ, ಎರಡು. ಸಾಕು, ಏಳಿ!" ನಂಜುಂಡಪ್ಪ ದನಿಯ ಜೋರಿಗೆ ಅರ್ಧ ಎದ್ದೇ ಬಿಟ್ಟ!

ಅಲ್ಲಿಂದಾಚೆ ಯಂತ್ರಕ್ಕೆ ಲಹರಿ ಬಂತು. "ಇವರಿಗೆ ಸಕ್ಕರೆ ಇದೆ, ಮಜ್ಜಿಗೆ ಕೊಡಿ! ಇವರಿಗೂ ಇದೆ, ಮಜ್ಜಿಗೆ! ಇವರಿಗೂ! ಅಬ್ಬಬ್ಬಾ, ಇವರಿಗೆ ಬಹಳ ಇದೆ!" ಒಂದೇ ಸಾಲಿನಲ್ಲಿ ಹನ್ನೊಂದು ಗುಪ್ತ ರೋಗಿಗಳು! ಎದುರು ಸಾಲಿನಿಂದ ಹನ್ನೊಂದು ಹೆಂಡತಿಯರು ಎದ್ದು ನಿಂತರು. "ಏನ್ರೀ ಇದು?" "ಎಷ್ಟು ದಿನದಿಂದ್ರೀ?" "ಅದಕ್ಕೇನಾ ದಿನಾ ಸಂಜೆ ವಾಕಿಂಗು?" ಕುರುಕ್ಷೇತ್ರಕ್ಕೆ ಬೇಕಾದ ಗದ್ದಲವೆಲ್ಲ ಒಂದೇ ಊಟದ ಮನೆಯಲ್ಲಿ ನೆರೆಯಿತು.

ಚಿದಂಬರಯ್ಯ ಹಾಡುತ್ತಲೇ ಇದ್ದರು. ಆದರೆ ಏನೋ ಸರಿ ಇರಲಿಲ್ಲ. ಹಣೆಯಲ್ಲಿ ತಣ್ಣನೆ ಬೆವರು. ಕೈ ಗಡಗಡ. ಎದುರಿನ ಕಂಬ ಒಂದಿದ್ದದ್ದು ಎರಡಾಗಿ, ಎರಡೂ ಕೂಡಿಕೊಂಡು ಕೋಲಾಟ ಶುರುಮಾಡಿದ್ದವು. "ಕೇಳಿದವರಿಗೆ ಸಕಲ ಸುಖ" ಎಂದು ಮುಗಿಯಬೇಕಾದ ಸಾಲು ಬಾಯಲ್ಲಿ ತಿರುಗಿ ತಿರುಗಿ ಬಂತು. "ಕೇಳಿದವರಿಗೆ... ಕೇಳಿದವರಿಗೆ... ಕೇಳಿದವರಿಗೆ ಸಕಲ ಸಕ್ಕರೇ..."

"ಆಹಾ! ನೋಡಿ, ಮೈಮರೆತರು!" ಎಂದು ಯಾರೋ ಕೈ ಮುಗಿದರು.

"ಎಂಥಾ ಭಾವಾವೇಶ! ಕಣ್ಣು ಹೇಗೆ ಮೇಲಕ್ಕೆ ಹೋಯ್ತು ನೋಡಿ!"

"ಇನ್ನೊಂದ್ಸಲ! ಇನ್ನೊಂದ್ಸಲ!" ಚಪ್ಪಾಳೆ ಬಿತ್ತು.

ತುಂಗಮ್ಮನೊಬ್ಬರೇ ಚಪ್ಪಾಳೆ ತಟ್ಟಲಿಲ್ಲ. ಮೂವತ್ತೆಂಟು ವರ್ಷದಿಂದ ಗಂಡನ ವಾಚನ ಕೇಳಿದವರು. ಆ ರಾಗ ಎಲ್ಲಿಯೂ ಹೀಗೆ ಜಾರುವುದಿಲ್ಲವೆಂದು ಬಲ್ಲವರು. ಅವರು ಏಳುವುದರೊಳಗೆ ಸಾಲಿನ ತುದಿಯಲ್ಲಿದ್ದ ಯಂತ್ರ ಗಕ್ಕನೆ ನಿಂತಿತು. ಸೊಂಡಿಲು ಮೇಲೆತ್ತಿ ಗಾಳಿ ಮೂಸಿತು. ನೆತ್ತಿಯ ಕೆಂಪು ದೀಪ ಹತ್ತಿತು. ಉಸಿರು ಕಟ್ಟುವುದು ಇರಲಿ, ಬಾಯಿ ಮುಚ್ಚುವುದೂ ಚಿದಂಬರಯ್ಯನವರಿಗೆ ಮರೆತುಹೋಗಿತ್ತು!

"ಬಾಯಿ ಬಿಡ್ರೀ!" ಎಂದು ಅದು ತುಂಗಮ್ಮನ ದನಿಯಲ್ಲಿ ಅಬ್ಬರಿಸಿತು. ಹೆಂಡತಿ ಎಂದುಕೊಂಡು ಚಿದಂಬರಯ್ಯ ಅಭ್ಯಾಸಬಲದಿಂದ ಬಾಯಿ ಬಿಟ್ಟರು.

ಮೊದಲ ಲಾಡು ನೂರೈವತ್ತು ಅಡಿ ದೂರದಿಂದ, ಪಾರ್ಥನ ಬಾಣದ ಹಾಗೆ, ಇನ್ನೂರು ತಲೆಗಳ ಮೇಲಿಂದ ಹಾರಿ ಬಂದು ತಾರಸ್ಥಾಯಿಯ ನಟ್ಟನಡುವೆ ನೆಟ್ಟಿತು. ಬೂಂದಿ ಚೆಲ್ಲಾಪಿಲ್ಲಿ! ಎರಡನೆಯದು ಹಣೆಗೆ. ಮೂರನೆಯದು ಮತ್ತೆ ಬಾಯಿಗೆ.

"ವಾಚಕರಿಗೆ ಅವಮಾನ!" ಎಂದು ಪುಟ್ಟಸ್ವಾಮಯ್ಯ ಐದು ಲಾಡು ಹೊತ್ತೇ ಎದ್ದರು. "ಆರ್ಸಿ ಅದನ್ನ! ಹಿಡೀರಿ ಆ ಮಾರ್ಕಂಡೇಯನ್ನ!" ನಾಲ್ಕು ಜನ ಯಂತ್ರದ ಮೇಲೆ ಬಿದ್ದರು. ಅದು ಅವರನ್ನು ಎಳೆದುಕೊಂಡೇ, ಸಾರು ಹುಳಿಗಳ ನಡುವೆ, ಚಿದಂಬರಯ್ಯನವರ ಕಡೆ ಧಾವಿಸಿತು. ಮಾರ್ಕಂಡೇಯ ಎರಡು ಕೈಯೆತ್ತಿ, "ನಾನೇನೂ ಮಾಡಿಲ್ಲ, ಅದೇ ಮಾಡ್ತಿದೆ!" ಎಂದು ಕಿರುಚುತ್ತಿದ್ದ.

"ಯಾರೂ ಅದನ್ನ ಮುಟ್ಟಬೇಡಿ!"

ಎದುರು ಸಾಲಿನಲ್ಲಿ ಊಟಕ್ಕೆ ಕೂತಿದ್ದ ಡಾಕ್ಟರ್ ವಸುಂಧರಾ ಎಲೆ ದಾಟಿ ಓಡಿ ಬಂದಿದ್ದರು. ಚಿದಂಬರಯ್ಯನವರ ಬೆರಳು ಚುಚ್ಚಿ ರಕ್ತ ನೋಡಿದರು. "ಸಕ್ಕರೆ ನಲವತ್ತೆಂಟಕ್ಕೆ ಇಳಿದಿದೆ! ಇನ್ನೂ ಸ್ವಲ್ಪ ಹೊತ್ತು ಚಪ್ಪಾಳೆ ತಟ್ಟಿದ್ರೆ ಇವರು ಎಚ್ಚರ ತಪ್ಪಿ ಬೀಳ್ತಿದ್ರು. ನಿಮ್ಮಲ್ಲಿ ಇನ್ನೂರು ಜನಕ್ಕೆ ತಿಳೀದೇ ಇದ್ದದ್ದು ಈ ತಳ್ಳುಗಾಡಿಗೆ ತಿಳೀತು!"

ಸಕ್ಕರೆ ನೀರು ಕುಡಿಸಿ ಕಾಲು ಗಂಟೆ ಕಳೆದ ಮೇಲೆ ಕಂಬಗಳು ಮತ್ತೆ ಒಂದಾದವು.

"ಎಷ್ಟು ಮಾತ್ರೆ ತಗೊಂಡ್ರಿ?"

"ಲಾಡು ಮೂರು ಅಂತ... ಮೂರು."

"ಪಲ್ಯಕ್ಕೆ ಬೇರೆ ತಗೊಳ್ಳಿಲ್ವಾ?" ಎಂದು ಡಾಕ್ಟರು ಹಲ್ಲು ಕಡಿದರು. "ಬರೀ ಹೊಟ್ಟೇಲಿ ಮೂರು! ಯಾರನ್ನ ಕೇಳಿ ಮಾಡಿದ್ರಿ ಈ ಲೆಕ್ಕ?"

ಯಂತ್ರದ ಮೇಲೆ ಬಿದ್ದಿದ್ದ ಅದೇ ನಾಲ್ಕು ಜನ ಮಾರ್ಕಂಡೇಯನನ್ನು ಹೆಗಲ ಮೇಲೆ ಎತ್ತಿದರು. ಯಂತ್ರದ ಸೊಂಡಿಲಿಗೆ ಹೂವಿನ ಹಾರ ಬಿತ್ತು. ಪುಟ್ಟಸ್ವಾಮಯ್ಯ ಭಾಷಣ ಶುರುಮಾಡಿದರು. ಯಾರೂ ನೋಡದಿದ್ದಾಗ ಐದನ್ನೂ ತಿಂದಿದ್ದರು. ಮಜ್ಜಿಗೆ ಕುಡಿದ ಹನ್ನೊಂದು ಜನ ಮಾತ್ರ ಈ ಜಯಘೋಷದಲ್ಲಿ ಸೇರಲಿಲ್ಲ.

ಎಲ್ಲರಿಗಿಂತ ಹೆಚ್ಚು ನಡುಗಿದ್ದು ಚಿದಂಬರಯ್ಯ, ಮನೆಗೆ ಬಂದ ಮೇಲೆ. ತುಂಗಮ್ಮ ಎಂದಿನಂತೆ ಕಾಫಿ ತಂದಿಟ್ಟರು. ಲೋಟ ಮುಟ್ಟದೆ ಚಿದಂಬರಯ್ಯನವರೇ ಬಾಯಿಬಿಟ್ಟರು. "ಎಂಟು ತಿಂಗಳು ಮುಚ್ಚಿಟ್ಟೆ ಕಣೇ. ತಪ್ಪಾಯ್ತು."

"ಏನು ಮುಚ್ಚಿಟ್ರಿ? ಪುಸ್ತಕದ ಕೆಂಪು ಬಟ್ಟೆ ಒಗೆಯೋರು ಯಾರು ಅಂತ ತಿಳ್ಕೊಂಡಿದೀರಿ? ಸರಸ್ವತೀನಾ?"

ಚಿದಂಬರಯ್ಯನವರ ಬಾಯಿ ಯಂತ್ರವಿಲ್ಲದೆಯೇ ತೆರೆದುಕೊಂಡಿತು. "ಗೊತ್ತಿತ್ತಾ? ಹಾಗಾದ್ರೆ ಒಂದು ಮಾತು ಕೇಳಬಾರದಿತ್ತಾ?"

"ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ. ಸುಮ್ನೆ ಕಾದಿಲ್ಲ. ಎಂಟು ತಿಂಗಳಿಂದ ನಿಮ್ಮ ಕಾಫಿಗೆ ಒಂದು ಹರಳು ಸಕ್ಕರೆ ಹಾಕಿಲ್ಲ."

"ಸಕ್ಕರೆ ಇಲ್ವಾ? ಪಾಯಸದ ಹಾಗಿತ್ತಲ್ಲೇ!"

"ಬಾಯಿ ಸುಳ್ಳು," ಎಂದರು ತುಂಗಮ್ಮ, ಈ ಸಲ ತಮ್ಮ ಸ್ವಂತ ದನಿಯಲ್ಲಿ. ಅವರ ಕಣ್ಣಂಚಿನಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. ಚಿದಂಬರಯ್ಯ ಲೋಟ ಎತ್ತಿ ಒಂದು ಗುಟುಕು ಕುಡಿದರು. ಇದ್ದಕ್ಕಿದ್ದಂತೆ ಬೇವಿನ ಕಷಾಯ! ಆದರೂ ತಳದವರೆಗೂ ಕುಡಿದು, "ಪಾಯಸ ಕಣೇ," ಎಂದರು.

ಈಗ ಮಾತ್ರೆ ಡಾಕ್ಟರು ಹೇಳಿದಷ್ಟೇ. ಅದು ಇರುವುದು ತುಂಗಮ್ಮನ ಒಗ್ಗರಣೆ ಡಬ್ಬಿಯಲ್ಲಿ. ಸಕ್ಕರೆಯೂ ಹತೋಟಿಗೆ ಬಂದಿದೆ. ಯಂತ್ರಕ್ಕೆ ಮಾತ್ರ ಆ ದಿನದ ಗಾಬರಿ ಇಳಿದಿಲ್ಲ. ಮಾರ್ಕಂಡೇಯ ಎಷ್ಟು ತಿರುಪು ಬಿಚ್ಚಿದರೂ ಅಷ್ಟೇ. ಚಿದಂಬರಯ್ಯ ತಾರಸ್ಥಾಯಿ ಮುಟ್ಟಿದರೆ ಸಾಕು, "ಬಾಯಿ ಬಿಡ್ರೀ!" ಎಂದು ಲಾಡು ಎಸೆಯುತ್ತದೆ. ಚಿದಂಬರಯ್ಯ ಈಗ ತಲೆ ತಗ್ಗಿಸುವುದನ್ನು ಕಲಿತಿದ್ದಾರೆ. ಲಾಡು ಅವರನ್ನು ದಾಟಿ ಸಭಿಕರ ಮಡಿಲಿಗೆ ಹೋಗುತ್ತದೆ.

ಈ ವರ್ಷದ ವಾಚನಕ್ಕೆ ದಿನಾ ಮುನ್ನೂರು ಜನ! ಮಂದಿರ ಸಾಲದೆ ಬೀದಿಗೂ ಚಾಪೆ ಹಾಸಿದ್ದಾರೆ. ಇಷ್ಟು ಜನ ಬರುವುದು ಕಾವ್ಯದ ರುಚಿಗೇ ಎಂದು ಚಿದಂಬರಯ್ಯ ಮನಸಾರೆ ನಂಬಿದ್ದಾರೆ. ಯಂತ್ರವನ್ನು ಕೇಳಿದರೆ ನಿಜ ಹೇಳುತ್ತಿತ್ತು; ತುಂಗಮ್ಮ ಯಾರಿಗೂ ಕೇಳಲು ಬಿಟ್ಟಿಲ್ಲ.